ಮಸಾಲೆ ಹಾಕಿದ ಬಿಸಿ ಸೇಬಿನ ಸೈಡರ್: ಕುದಿಸದೆ ಕಾಯಿಸುವ ಕ್ರಮ

ಸೆಪ್ಟೆಂಬರ್ ಕೊನೆಯ ವಾರದಿಂದ ನವೆಂಬರ್‌ವರೆಗೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲೂ ವರ್ಮಾಂಟ್, ಮ್ಯಾಸಚೂಸೆಟ್ಸ್‌ನಂತಹ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲೂ ಸೇಬಿನ ತೋಟಗಳು ಜನರಿಂದ ತುಂಬಿರುತ್ತವೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ರಜಾದಿನಗಳಲ್ಲಿ ಮಕ್ಕಳೊಡನೆ ಹೋಗಿ, ಮರದಿಂದ ತಾವೇ ಹಣ್ಣು ಕಿತ್ತು ಚೀಲ ತುಂಬಿಕೊಂಡು ಬರುವುದುಂಟು. ತೋಟದ ಬಾಗಿಲಿನ ಅಂಗಡಿಯಲ್ಲಿ ದೊಡ್ಡ ಪಾತ್ರೆಯಿಂದ ಕಾಗದದ ಲೋಟಕ್ಕೆ ಬಗ್ಗಿಸಿ ಕೊಡುವ, ಕಂದು ಬಣ್ಣದ, ಹಬೆಯಾಡುವ ಪಾನೀಯವೇ ಮಸಾಲೆ ಹಾಕಿದ ಬಿಸಿ ಸೈಡರ್. ಇದನ್ನು ಮನೆಯಲ್ಲಿ ಮಾಡಲು ಗಾಣವಾಗಲಿ ವಿಶೇಷ ಯಂತ್ರವಾಗಲಿ ಬೇಕಿಲ್ಲ. ಮಿಕ್ಸಿ, ಒಂದು ತೆಳು ಬಟ್ಟೆ ಮತ್ತು ದಪ್ಪ ತಳದ ಸ್ಟೀಲ್ ಪಾತ್ರೆ ಸಾಕು.

ಹೆಸರಿನ ಬಗ್ಗೆ ಮೊದಲು ಒಂದು ಮಾತು ಹೇಳಬೇಕು. ಇಂಗ್ಲೆಂಡಿನ ಸಾಮರ್ಸೆಟ್, ಹೆರೆಫರ್ಡ್‌ಶೈರ್ ಕಡೆ ಸೈಡರ್ ಎಂದರೆ ಸೇಬಿನ ರಸವನ್ನು ಹುಳಿಯಿಸಿ ಮಾಡಿದ ಮದ್ಯ. ಅಮೆರಿಕದಲ್ಲಿಯೂ ವಸಾಹತು ಕಾಲದಲ್ಲಿ ಅದೇ ಅರ್ಥವಿತ್ತು. ಇಂದು ಅಲ್ಲಿ ಮದ್ಯವನ್ನು ‘ಹಾರ್ಡ್ ಸೈಡರ್’ ಎಂದೂ, ತಿಳಿಗೊಳಿಸದ ತಾಜಾ ರಸವನ್ನು ಬರೀ ‘ಸೈಡರ್’ ಎಂದೂ ಕರೆಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಆ್ಯಪಲ್ ಸೈಡರ್ ವಿನೆಗರ್ ಇವೆರಡೂ ಅಲ್ಲದ ಮೂರನೆಯ ವಸ್ತು. ಅದನ್ನು ಈ ಪಾನೀಯಕ್ಕೆ ಬಳಸಬಾರದು.

ಚಕ್ಕೆ, ಲವಂಗ, ಶುಂಠಿ ಎಂದ ಕೂಡಲೇ ನಮಗೆ ನೆನಪಾಗುವುದು ಕಷಾಯ. ಕಷಾಯವನ್ನು ಚೆನ್ನಾಗಿ ಕುದಿಸಿ, ಬತ್ತಿಸಿ ಇಳಿಸುವುದು ನಮ್ಮ ಕೈಗೆ ಬಂದಿರುವ ಅಭ್ಯಾಸ. ಸೈಡರ್ ವಿಷಯದಲ್ಲಿ ಆ ಅಭ್ಯಾಸವನ್ನು ಪೂರ್ತಿ ಬಿಡಬೇಕು. ನಾನು ಮೊದಲ ಸಲ ಮಾಡಿದಾಗ ಅರ್ಧ ಗಂಟೆ ಮರಳಿಸಿ ಕುದಿಸಿದ್ದೆ. ಅಡುಗೆಮನೆಯೆಲ್ಲ ಸೇಬಿನ ಪರಿಮಳ ಹರಡಿತು, ಲೋಟದಲ್ಲಿ ಮಾತ್ರ ಬೆಂದ ಹಣ್ಣಿನ ಸಪ್ಪೆ ಸಿಹಿ ಮತ್ತು ಲವಂಗದ ಕಹಿ ಉಳಿದಿದ್ದವು. ಸೇಬಿನ ಪರಿಮಳಕ್ಕೆ ಕಾರಣವಾದ ಎಸ್ಟರ್‌ಗಳು ಬೇಗ ಆವಿಯಾಗುವ ವಸ್ತುಗಳು. ಮನೆ ತುಂಬ ಘಮಘಮಿಸುತ್ತಿದೆ ಎಂದರೆ ಆ ಘಮ ಪಾತ್ರೆಯಿಂದ ಹೊರಟುಹೋಗುತ್ತಿದೆ ಎಂದೇ ತಿಳಿಯಬೇಕು.

ಹಣ್ಣಿನ ಆಯ್ಕೆ

ಒಂದೇ ಜಾತಿಯ ಸೇಬಿನಿಂದ ಒಳ್ಳೆಯ ಸೈಡರ್ ಆಗುವುದು ಅಪರೂಪ. ತೋಟದವರು ಸಿಹಿ ಹಣ್ಣು, ಹುಳಿ ಹಣ್ಣು ಮತ್ತು ಸ್ವಲ್ಪ ಒಗರಿನ ಹಣ್ಣುಗಳನ್ನು ಕಲಸಿ ಹಿಂಡುತ್ತಾರೆ. ನ್ಯೂಯಾರ್ಕ್ ಕಡೆ ಈ ಮಿಶ್ರಣದಲ್ಲಿ ಹುಳಿ ಮತ್ತು ಪರಿಮಳಕ್ಕೆ ಮ್ಯಾಕಿಂಟಾಶ್, ಅದರ ಜೊತೆಗೆ ಕಾರ್ಟ್‌ಲ್ಯಾಂಡ್, ಎಂಪೈರ್ ಸೇರುವುದು ಸಾಮಾನ್ಯ. ಮ್ಯಾಕಿಂಟಾಶ್ ಮತ್ತು ರೆಡ್ ಡೆಲಿಷಿಯಸ್ ಬೆರಕೆಯಿಂದ ಹುಟ್ಟಿದ ಎಂಪೈರ್ ತಳಿಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಜಿನೀವಾ ಸಂಶೋಧನಾ ಕೇಂದ್ರ 1966ರಲ್ಲಿ ಬಿಡುಗಡೆ ಮಾಡಿತು. ಸಿಹಿ ಹುಳಿಗಳೆರಡೂ ಹದವಾಗಿರುವುದರಿಂದ ಸೈಡರಿಗೆ ಅದು ಬಹಳ ಚೆನ್ನಾಗಿ ಒಗ್ಗುತ್ತದೆ.

ಕರ್ನಾಟಕದಲ್ಲಿ ಮಾಡುವವರಿಗೆ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಹಿಮಾಚಲ ಮತ್ತು ಕಾಶ್ಮೀರದ ಡೆಲಿಷಿಯಸ್ ಬಗೆಯ ಕೆಂಪು ಸೇಬು. ಈ ಹಣ್ಣೂ ಮೂಲತಃ ಅಮೆರಿಕದ್ದೇ. ಹಿಮಾಚಲದಲ್ಲಿ ನೆಲೆಸಿದ್ದ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬುವರು ಕೋಟ್‌ಗಢ ಪ್ರದೇಶದಲ್ಲಿ 1916ರ ಹೊತ್ತಿಗೆ ಇದರ ಸಸಿಗಳನ್ನು ನೆಡಿಸಿದರು. ತಿನ್ನಲು ಹಿತವಾದ ಈ ಹಣ್ಣಿನಲ್ಲಿ ಹುಳಿ ಬಹಳ ಕಡಿಮೆ. ಅದೊಂದನ್ನೇ ಹಿಂಡಿದರೆ ರಸ ಬರೀ ಸಿಹಿನೀರಿನಂತಿರುತ್ತದೆ. ಆದ್ದರಿಂದ 3 ಕಿಲೋ ಹಣ್ಣಿನಲ್ಲಿ ಒಂದೂವರೆ ಕಿಲೋ ಕೆಂಪು ಸೇಬು, ಅರ್ಧ ಕಿಲೋ ಹಳದಿ ಗೋಲ್ಡನ್ ಸೇಬು, ಉಳಿದ 1 ಕಿಲೋ ಹುಳಿಯಾದ ಹಸಿರು ಗ್ರಾನಿ ಸ್ಮಿತ್ ಇರುವಂತೆ ನೋಡಿಕೊಳ್ಳಿ. ಹಸಿರು ಸೇಬು ಸಿಗದಿದ್ದರೆ ಕೊನೆಯಲ್ಲಿ ಎರಡು ದೊಡ್ಡ ಚಮಚ ನಿಂಬೆರಸ ಸೇರಿಸಿ ಸರಿದೂಗಿಸಬಹುದು, ಆದರೆ ನಿಂಬೆಯ ಹುಳಿ ಸೇಬಿನ ಹುಳಿಯಷ್ಟು ದುಂಡಾಗಿರುವುದಿಲ್ಲ.

ಸ್ವಲ್ಪ ಸುಕ್ಕಾದ, ಆಕಾರ ಕೆಟ್ಟ ಹಣ್ಣುಗಳು ನಡೆಯುತ್ತವೆ. ಕೊಳೆತವು, ಬೂಸ್ಟು ಹಿಡಿದವು ಬೇಡವೇ ಬೇಡ. ಕೊಳೆತ ಸೇಬಿನ ಬೂಸ್ಟಿನಲ್ಲಿ ಪ್ಯಾಟುಲಿನ್ ಎಂಬ ವಿಷವಸ್ತು ಉಂಟಾಗುತ್ತದೆ ಮತ್ತು ಕಾಯಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅಮೆರಿಕದಲ್ಲಿ ಸೇಬಿನ ರಸದ ಒಂದು ಕಿಲೋಗೆ 50 ಮೈಕ್ರೊಗ್ರಾಂ ಮೀರಿ ಪ್ಯಾಟುಲಿನ್ ಇರಕೂಡದೆಂಬ ಮಿತಿಯಿದೆ. ತೋಟಕ್ಕೆ ಹೋಗಿ ಹಣ್ಣು ತರುವವರು ಮರದಿಂದ ಕಿತ್ತ ಹಣ್ಣನ್ನೇ ತರಬೇಕು. ನೆಲಕ್ಕೆ ಬಿದ್ದ ಹಣ್ಣಿಗೆ ಜಿಂಕೆ, ದನಗಳ ಸಗಣಿಯ ಸೋಂಕು ತಗುಲಿರಬಹುದು.

ರಸ ತೆಗೆಯುವುದು

ಹಳೆಯ ಪದ್ಧತಿಯ ಸೈಡರ್ ಗಿರಣಿಯಲ್ಲಿ ಹಿಂಡುವ ಕ್ರಮವನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಮನೆಯ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಸಿಪ್ಪೆಸಹಿತ ಅರೆದ ಸೇಬನ್ನು ಚೌಕಟ್ಟಿನೊಳಗೆ ಹಾಸಿದ ಬಟ್ಟೆಯ ಮೇಲೆ ಎರಡು ಮೂರು ಬೆರಳು ದಪ್ಪಕ್ಕೆ ಹರಡಿ, ಬಟ್ಟೆಯ ನಾಲ್ಕು ಮೂಲೆಗಳನ್ನು ಒಳಕ್ಕೆ ಮಡಚಿ, ಅದರ ಮೇಲೊಂದು ಮರದ ಪಟ್ಟಿಗಳ ಹಲಗೆಯಿಟ್ಟು, ಮತ್ತೆ ಬಟ್ಟೆ, ಮತ್ತೆ ಸೇಬು ಎಂದು ಪದರದ ಮೇಲೆ ಪದರ ಪೇರಿಸುತ್ತಾರೆ. ಒತ್ತುವ ಯಂತ್ರ ಇನ್ನೂ ಮುಟ್ಟುವ ಮೊದಲೇ, ಪದರಗಳ ಭಾರಕ್ಕೇ, ಬಟ್ಟೆಯ ಅಂಚಿನಿಂದ ರಸ ಜಿನುಗಿ ಕೆಳಗಿನ ತೊಟ್ಟಿಗೆ ಹನಿಯತೊಡಗುತ್ತದೆ. ಸುತ್ತ ಕಣಜಗಳು ಹಾರಾಡುತ್ತಿರುತ್ತವೆ. ಆಲೆಮನೆಯ ಕಬ್ಬಿನ ಹಾಲಿನ ಹತ್ತಿರ ನಿಂತ ಅನುಭವವಿದ್ದವರಿಗೆ ಆ ಹಸಿ ಸಿಹಿಯ ವಾಸನೆ ಪರಿಚಿತವೆನಿಸುತ್ತದೆ.

ಮನೆಯಲ್ಲಿ ಇದನ್ನೇ ಚಿಕ್ಕದಾಗಿ ಮಾಡಬೇಕು. ಅಂಗಡಿಯ ಸೇಬಿಗೆ ಮೇಣ ಹಚ್ಚಿರುವ ಸಾಧ್ಯತೆ ಇರುವುದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದನ್ನೂ ಕೈಯಿಂದ ಉಜ್ಜಿ ತೊಳೆದು ಒರೆಸಿ. ಸಿಪ್ಪೆ ತೆಗೆಯಬೇಡಿ, ಬಣ್ಣ ಮತ್ತು ಒಗರು ಬರುವುದು ಅದರಿಂದಲೇ. ನಡುವಿನ ಗಟ್ಟಿ ಭಾಗವನ್ನೂ ಬೀಜಗಳನ್ನೂ ಮಾತ್ರ ತಪ್ಪದೆ ತೆಗೆಯಿರಿ. ಸೇಬಿನ ಬೀಜದಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ಬೀಜ ಅರೆದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಒಂದೆರಡು ಬೀಜದಿಂದ ಅಪಾಯವಿಲ್ಲ, ಆದರೆ 3 ಕಿಲೋ ಹಣ್ಣಿನ ಬೀಜವನ್ನೆಲ್ಲ ಮಿಕ್ಸಿಗೆ ಹಾಕುವುದು ಸರಿಯಲ್ಲ, ರುಚಿಯೂ ಕಹಿಯಾಗುತ್ತದೆ.

ಹೋಳುಗಳನ್ನು ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಒಟ್ಟು ಒಂದು ಲೋಟ ನೀರಿಗಿಂತ ಹೆಚ್ಚು ಹಾಕದೆ, ತರಿತರಿಯಾಗಿ ರುಬ್ಬಿ. ನುಣ್ಣಗೆ ರುಬ್ಬಿದರೆ ತಿರುಳು ಬಟ್ಟೆಯ ರಂಧ್ರಗಳನ್ನು ಮುಚ್ಚಿ ರಸ ಇಳಿಯುವುದಿಲ್ಲ. ರುಬ್ಬಿದ್ದನ್ನು ಹಾಗೆಯೇ ಅರ್ಧ ಗಂಟೆ ಬಿಡಿ. ಕತ್ತರಿಸಿದ ಸೇಬನ್ನು ಕಂದಾಗಿಸುವ ಕಿಣ್ವವೇ ಈ ಹೊತ್ತಿನಲ್ಲಿ ರಸಕ್ಕೆ ಸೈಡರಿನ ಬಣ್ಣ ಕೊಡುತ್ತದೆ. ಇಲ್ಲಿ ಕಂದುಬಣ್ಣ ದೋಷವಲ್ಲ. ನಂತರ ಒದ್ದೆಮಾಡಿ ಹಿಂಡಿದ ಹಳೆಯ ಬಿಳಿ ಪಂಚೆಯ ತುಂಡಿಗೆ ಸುರಿದು, ಮೊದಲು ತಾನಾಗಿ ಇಳಿಯುವಷ್ಟು ಇಳಿಯಲು ಬಿಟ್ಟು, ಆಮೇಲೆ ಗಂಟು ಕಟ್ಟಿ ತಿರುಚಿ ಹಿಂಡಿ. 3 ಕಿಲೋ ಹಣ್ಣಿಗೆ ಸುಮಾರು ಒಂದೂವರೆ ಲೀಟರ್ ರಸ ಬರುತ್ತದೆ, ಏಳು ಲೋಟಕ್ಕೆ ಸಾಕು. ಇಷ್ಟೆಲ್ಲ ಮಾಡಲು ಬಿಡುವಿಲ್ಲದವರು ಸಕ್ಕರೆ ಸೇರಿಸದ, ಪೂರ್ತಿ ಹಣ್ಣಿನ ರಸವೇ ಎಂದು ನಮೂದಿಸಿರುವ ಪೊಟ್ಟಣದ ಸೇಬಿನ ರಸವನ್ನು ಬಳಸಬಹುದು. ತಿಳಿ ರಸವಾದ್ದರಿಂದ ಮೈ ತೆಳುವಾಗಿರುತ್ತದೆ.

ಮಸಾಲೆ

ಒಂದೂವರೆ ಲೀಟರ್ ರಸಕ್ಕೆ ಬೆರಳುದ್ದದ ಎರಡು ಚಕ್ಕೆ, ಆರು ಲವಂಗ, ಒಂದು ಅನಾನಸ್ ಹೂವು, ಒಂದು ಇಂಚು ಶುಂಠಿಯ ತೆಳು ಬಿಲ್ಲೆಗಳು ಮತ್ತು ಅರ್ಧ ಕಿತ್ತಳೆಯ ಸಿಪ್ಪೆ ಬೇಕು. ಅಮೆರಿಕದವರು ಆಲ್‌ಸ್ಪೈಸ್ ಎಂಬ ಒಣ ಕಾಳನ್ನೂ ನಾಲ್ಕೈದು ಹಾಕುತ್ತಾರೆ. ಮಲೆನಾಡಿನ ಕೆಲವು ಹಿತ್ತಲುಗಳಲ್ಲಿ ಸರ್ವಸಾಂಬಾರ ಎಂದು ಕರೆಯುವ ಮರ ಇದೇ. ಅದು ಮನೆಯಲ್ಲಿದ್ದವರು ಕಾಳಿನ ಬದಲು ಒಂದು ಎಲೆ ಹಾಕಿದರೂ ಆಗುತ್ತದೆ.

ಎಲ್ಲವೂ ಇಡಿಯಾಗಿರಬೇಕು, ಪುಡಿ ಸಲ್ಲದು. ಚಕ್ಕೆಯ ಪುಡಿ ಬಿಸಿ ರಸದಲ್ಲಿ ನೆಂದು ಲೋಳೆಯಂತಾಗಿ ಲೋಟದ ತಳದಲ್ಲಿ ಗಸಿ ಕಟ್ಟುತ್ತದೆ. ತೆಳ್ಳನೆಯ ಪದರಗಳಾಗಿ ಸುರುಳಿ ಸುತ್ತಿದ ಸಿಂಹಳದ ದಾಲ್ಚಿನ್ನಿ ನಯವಾದದ್ದು, ದಪ್ಪ ತೊಗಟೆಯ ಕ್ಯಾಸಿಯಾ ಚಕ್ಕೆ ಖಾರವಾದದ್ದು. ಅಮೆರಿಕದ ಅಂಗಡಿಗಳಲ್ಲಿ ದಾಲ್ಚಿನ್ನಿಯೆಂದು ಮಾರುವುದು ಬಹುಪಾಲು ಕ್ಯಾಸಿಯಾವನ್ನೇ ಆದ್ದರಿಂದ ಅಲ್ಲಿಯ ರುಚಿ ಬೇಕಿದ್ದವರು ನಮ್ಮ ದಿನಸಿ ಅಂಗಡಿಯ ದಪ್ಪ ಚಕ್ಕೆಯನ್ನೇ ಧೈರ್ಯವಾಗಿ ಬಳಸಬಹುದು.

ಲವಂಗದ ಲೆಕ್ಕವನ್ನು ಮೀರಬೇಡಿ. ಹಲ್ಲುನೋವಿಗೆ ಲವಂಗ ಇಟ್ಟುಕೊಂಡಾಗ ಬಾಯಿ ಮರಗಟ್ಟುವುದಕ್ಕೆ ಕಾರಣವಾದ ಯೂಜಿನಾಲ್, ಪ್ರಮಾಣ ಹೆಚ್ಚಾದರೆ ಸೇಬಿನ ರುಚಿಯನ್ನೇ ಮುಚ್ಚಿಬಿಡುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಹೆರೆಯುವಾಗ ಒಳಗಿನ ಬಿಳಿ ಭಾಗ ಬಾರದಂತೆ ನೋಡಿಕೊಳ್ಳಬೇಕು, ಕಹಿ ಇರುವುದು ಅದರಲ್ಲೇ. ಕೊಡಗಿನ ಕಿತ್ತಳೆ ಸಿಕ್ಕಿದರೆ ಅದರ ಸಡಿಲವಾದ ತೆಳು ಸಿಪ್ಪೆಯ ಪರಿಮಳ ಬೇರೆ ಯಾವ ಕಿತ್ತಳೆಗೂ ಇಲ್ಲವೆಂದು ನನಗನ್ನಿಸುತ್ತದೆ.

ಕಾಯಿಸುವುದು

ಸೇಬಿನ ರಸ ಹುಳಿಯಾದ್ದರಿಂದ ಅಲ್ಯೂಮಿನಿಯಂ ಪಾತ್ರೆಯಾಗಲಿ ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಾಗಲಿ ಇದಕ್ಕೆ ಆಗದು. ಸ್ಟೀಲ್ ಪಾತ್ರೆಯಲ್ಲಿ ರಸವನ್ನು ಮಾತ್ರ ಹಾಕಿ ನಡು ಉರಿಯಲ್ಲಿಡಿ. ಬಿಸಿಯೇರುತ್ತಿದ್ದಂತೆ ಮೇಲೆ ಬೂದುಗಂದು ಬಣ್ಣದ ನೊರೆ ಕಟ್ಟುತ್ತದೆ. ಕೊಪ್ಪರಿಗೆಯ ಕಬ್ಬಿನ ಹಾಲಿನಿಂದ ಮಡ್ಡಿ ತೆಗೆಯುವಂತೆ ಅದನ್ನು ಸೌಟಿನಿಂದ ಎರಡು ಮೂರು ಸಲ ತೆಗೆದುಹಾಕಿ. ನೊರೆ ತೆಗೆದ ಮೇಲೆಯೇ ಮಸಾಲೆ ಹಾಕಬೇಕು, ಇಲ್ಲವಾದರೆ ಲವಂಗವೆಲ್ಲ ನೊರೆಯ ಜೊತೆಗೆ ಸೌಟಿಗೆ ಬರುತ್ತದೆ.

ಈಗ ಉರಿಯನ್ನು ಪೂರ್ತಿ ಸಣ್ಣಗೆ ಮಾಡಿ. ಪಾತ್ರೆಯ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಗಳು ಕಾಣಿಸಬೇಕು, ಮೇಲಿನಿಂದ ಹಬೆ ನಿಧಾನವಾಗಿ ಏಳಬೇಕು, ನಡುವೆ ಮಾತ್ರ ರಸ ಮರಳಬಾರದು. ಥರ್ಮಾಮೀಟರ್ ಇದ್ದರೆ 80ರಿಂದ 85 ಡಿಗ್ರಿ ಸೆಲ್ಸಿಯಸ್ ನಡುವೆ ಇರುವಂತೆ ನೋಡಿಕೊಳ್ಳಿ. ಮುಚ್ಚಳವನ್ನು ಓರೆಯಾಗಿ ಮುಚ್ಚಿ ಇಪ್ಪತ್ತೈದು ನಿಮಿಷ ಹೀಗೆ ಬಿಟ್ಟು, ಒಲೆ ಆರಿಸಿ, ಪೂರ್ತಿ ಮುಚ್ಚಿ ಇನ್ನು ಹತ್ತು ನಿಮಿಷ ನೆನೆಯಲು ಬಿಡಿ. ನಡುವೆ ಒಮ್ಮೆ ಚಮಚದಲ್ಲಿ ರುಚಿ ನೋಡಿ, ಲವಂಗ ಮುಂದಾಗುತ್ತಿದೆ ಎನಿಸಿದರೆ ಅದನ್ನು ಆಗಲೇ ಆರಿಸಿ ತೆಗೆಯಿರಿ.

ಕುದಿಸಬಾರದು ಎಂದರೆ ಸರಿಯಾಗಿ ಬಿಸಿಮಾಡಬಾರದು ಎಂದಲ್ಲ. 1996ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಪಾಶ್ಚರೀಕರಣ, ಅಂದರೆ ರೋಗಾಣು ಸಾಯುವಷ್ಟು ಬಿಸಿಮಾಡುವ ಕ್ರಮ, ಅನುಸರಿಸದ ಸೇಬಿನ ರಸ ಕುಡಿದ ಹಲವರು ಇ. ಕೊಲೈ ಎಂಬ ರೋಗಾಣುವಿನ ಸೋಂಕಿನಿಂದ ಕಾಯಿಲೆಬಿದ್ದರು. ಒಂದು ಮಗು ತೀರಿಕೊಂಡಿತು. ಅದರ ನಂತರ 1998ರಲ್ಲಿ ಅಂತಹ ರಸದ ಬಾಟಲಿಗಳ ಮೇಲೆ ಎಚ್ಚರಿಕೆಯ ಬರಹ ಕಡ್ಡಾಯವಾಯಿತು. ಇಂದಿಗೂ ಕೆಲವು ತೋಟಗಳು ಆ ಬರಹದೊಡನೆ ಹಸಿ ರಸವನ್ನು ಮಾರುತ್ತವೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇರುವ ಮನೆಗಳಲ್ಲಿ ಅದನ್ನು ಹಾಗೆಯೇ ಕುಡಿಯಬಾರದು. ಹಸಿ ರಸ 71 ಡಿಗ್ರಿ ದಾಟುವಂತೆ ಕಾಯಿಸಿದರೆ ಆ ರೋಗಾಣುಗಳು ಸಾಯುತ್ತವೆ. ಮೇಲೆ ಹೇಳಿದ ಇಪ್ಪತ್ತೈದು ನಿಮಿಷದ ಕ್ರಮದಲ್ಲಿ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಶಾಖ ಸಿಗುತ್ತದೆ.

ಸೋಸಿದ ಮೇಲೆ ಮತ್ತೊಮ್ಮೆ ರುಚಿ ನೋಡಿ. ಒಳ್ಳೆಯ ಹಣ್ಣಾಗಿದ್ದರೆ ಸಕ್ಕರೆ ಬೇಕಾಗುವುದಿಲ್ಲ. ಹುಳಿ ಹೆಚ್ಚಾಗಿದ್ದರೆ ಒಂದೆರಡು ಚಮಚ ಕಂದು ಸಕ್ಕರೆ ಅಥವಾ ಮೇಪಲ್ ಸಿರಪ್ ಸೇರಿಸಬಹುದು. ಬೆಲ್ಲ ಹಾಕಿದರೆ ಕುಡಿಯಲು ಚೆನ್ನಾಗಿಯೇ ಇರುತ್ತದೆ, ಆದರೆ ಬೆಲ್ಲದ ಗಾಢ ರುಚಿಯೇ ಮುಂದೆ ಬಂದು ಪಾನಕದ ಕಡೆಗೆ ವಾಲುತ್ತದೆ. ಲೋಟಕ್ಕೆ ಬಗ್ಗಿಸಿದ ಮೇಲೆ ಜಾಯಿಕಾಯಿಯನ್ನು ಎರಡು ಸಲ ತುರಿಮಣೆಗೆ ಉಜ್ಜಿದಷ್ಟು ಉದುರಿಸಿ ಕೂಡಲೇ ಕೊಡಿ.

ಉಳಿದದ್ದನ್ನು ಆರಿಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಮುಚ್ಚಳ ತೆಗೆದಾಗ ಸುಯ್ ಎಂದು ಗಾಳಿ ಹೊರಟರೆ ಅಥವಾ ಅಂಚಿನಲ್ಲಿ ಸಣ್ಣ ನೊರೆ ಕಂಡರೆ ಹುಳಿಯಲು ಶುರುವಾಗಿದೆ ಎಂದರ್ಥ, ಅಂತಹದನ್ನು ಮಕ್ಕಳಿಗೆ ಕೊಡಬಾರದು. ಮತ್ತೆ ಕಾಯಿಸುವಾಗ ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಕಾಯಿಸಿ.

ಬಟ್ಟೆಯಲ್ಲಿ ಉಳಿದ ಹಿಂಡಿಯನ್ನು ಬಿಸಾಡಬೇಡಿ. ಅದಕ್ಕೆ ಮುಳುಗುವಷ್ಟು ನೀರು, ನೂರು ಗ್ರಾಂ ಬೆಲ್ಲ, ಸೋಸಿ ತೆಗೆದ ಚಕ್ಕೆಯ ತುಂಡುಗಳನ್ನು ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಮಗುಚುತ್ತಾ ಬೇಯಿಸಿ, ಚಕ್ಕೆ ತೆಗೆದು, ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ದೋಸೆಗೂ ಚಪಾತಿಗೂ ಹಚ್ಚಿಕೊಳ್ಳಬಹುದಾದ ಗಟ್ಟಿ ಗೊಜ್ಜಾಗುತ್ತದೆ. ಇಲ್ಲಿ ಮಾತ್ರ ಕುದಿಸಿದಷ್ಟೂ ಒಳ್ಳೆಯದು.