ಹಾಡು ನಡುವೆ ನಿಲ್ಲುತ್ತಿದ್ದರೆ ರೂಟರ್‌ಗೆ ಬೈಯೋ ಮುಂಚೆ...

ವೈಫೈನಲ್ಲಿ ಹಾಡು ಕೇಳೋಕೆ ಅಂತ ಮನೆಯಲ್ಲಿ ರಾಸ್ಪ್‌ಬೆರಿ ಪೈ ಥರದ ಪುಟ್ಟ ಬೋರ್ಡ್ ಕಂಪ್ಯೂಟರ್ ಇಟ್ಟುಕೊಂಡವರಿಗೆ ಒಂದು ಮಾತು. ನನ್ನದು ಟಿವಿ ಸ್ಟ್ಯಾಂಡಿನ ಹಿಂದೆ ಇತ್ತು. ಹತ್ತು ನಿಮಿಷ ಚೆನ್ನಾಗಿ ಹಾಡುತ್ತಿತ್ತು, ಆಮೇಲೆ ಗಪ್‌ಚುಪ್. ಅಲ್ಲೇ ನಿಂತು ಫೋನ್ ನೋಡಿದರೆ ವೈಫೈ ಫುಲ್!

ಮೊದಲು ರೂಟರ್‌ನಿಂದ ಬೋರ್ಡಿಗೆ ನೇರ ಲ್ಯಾನ್ ಕೇಬಲ್ ಹಾಕಿ ಒಂದು ಗಂಟೆ ಹಾಡಿಸಿ. ನಿಲ್ಲದಿದ್ದರೆ ತೊಂದರೆ ವೈಫೈನದ್ದೇ ಅಂತ ಗೊತ್ತಾಗುತ್ತದೆ.

ನನ್ನ ಮನೆಯಲ್ಲಿ ಕಳ್ಳ ಸಿಕ್ಕಿದ್ದು ಪಕ್ಕದಲ್ಲೇ. ಬೋರ್ಡಿಗೆ ಸಿಕ್ಕಿಸಿದ್ದ ಯುಎಸ್‌ಬಿ 3 ಹಾರ್ಡ್ ಡಿಸ್ಕ್! ಇಂಥ ಡಿಸ್ಕ್, ಅದರ ಕೇಬಲ್ ಎರಡೂ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆ. ನನ್ನ ವೈಫೈ ಓಡುತ್ತಿದ್ದುದೂ ಅಲ್ಲೇ ಅಲ್ವಾ? ಡಿಸ್ಕನ್ನು ಒಂದು ಮೊಳ ದೂರ ಸರಿಸಿದೆ, ಅರ್ಧ ಕಾಯಿಲೆ ವಾಸಿ. ವೈಫೈಯನ್ನು ಅದರ ಇನ್ನೊಂದು ದಾರಿಯಾದ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದ ಮೇಲೆ ಪೂರ್ತಿ ಹೋಯಿತು. ಆದರೆ ನಡುವೆ ಎರಡು ಗೋಡೆ ಇದ್ದರೆ 5 ಸೊರಗುತ್ತದೆ. ಆಗ 2.4ರಲ್ಲೇ ಇದ್ದು, ರೂಟರ್ ಸೆಟ್ಟಿಂಗಿನಲ್ಲಿ ಚಾನೆಲ್ 1, 6, 11ರಲ್ಲಿ ಅಕ್ಕಪಕ್ಕದ ಮನೆಯವರು ಕಡಿಮೆ ಬಳಸುವುದನ್ನು ಹಿಡಿಯಿರಿ.

5 ಗಿಗಾಹರ್ಟ್ಸ್ ಹೆಸರೇ ಕಾಣದಿದ್ದರೆ ಬೋರ್ಡಿನ ವೈಫೈ ಸೆಟ್ಟಿಂಗಿನಲ್ಲಿ ದೇಶ ಇಂಡಿಯಾ ಅಂತ ಇದೆಯಾ ನೋಡಿ. ಕರೆಂಟ್ ಉಳಿಸೋಕೆ ವೈಫೈಯನ್ನು ಆಗಾಗ ಮಲಗಿಸುವ ಪವರ್ ಸೇವ್ ಆಫ್ ಮಾಡಿ. ಬೋರ್ಡನ್ನು ಲೋಹದ ಡಬ್ಬಿಯಲ್ಲಿ ಕೂರಿಸಿದ್ದರೆ ಮುಚ್ಚಳ ತೆಗೆದು ಒಮ್ಮೆ ನೋಡಿ, ಸಿಗ್ನಲ್ ಒಳಗೇ ಉಸಿರುಗಟ್ಟುತ್ತಿರಬಹುದು. ಬೋರ್ಡಿಗೆ ಹಳೇ ಫೋನ್ ಚಾರ್ಜರ್ ಸಿಕ್ಕಿಸಿದ್ದೀರಾ? ದಯವಿಟ್ಟು ತೆಗೆದುಬಿಡಿ, ಕರೆಂಟ್ ಸಾಲದೆ ಅದೂ ತರಲೆ ಮಾಡಬಹುದು.