ಮಾಸ್ಟರ್ ಪ್ಲಾನ್ ರಿವೈಸ್ ಮಾಡೋಕೆ ಮುಂಚೆ ಹಳ್ಳ ಹುಡುಕಿ

ಬಯಲುಸೀಮೆ ಕಡೆ ಒಂದು ಜಿಲ್ಲಾ ಕೇಂದ್ರದ ಮಾಸ್ಟರ್ ಪ್ಲಾನ್ (ಊರಿನ ಯಾವ ಜಾಗ ಯಾವುದಕ್ಕೆ ಅಂತ ಹೇಳೋ ಪ್ಲಾನ್) ರಿವಿಷನ್‌ನಲ್ಲಿ ಜಿಐಎಸ್ ಕೆಲಸ, ಅಂದ್ರೆ ಕಂಪ್ಯೂಟರಲ್ಲಿ ಮ್ಯಾಪ್ ಮಾಡೋ ಕೆಲಸ, ನಂದಾಗಿತ್ತು, ಹೇಗೆ ಮಾಡಿದ್ರಿ ಅಂತ ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಕನಿಷ್ಠ ಹತ್ತು ವರ್ಷಕ್ಕೊಂದ್ಸಲ ಹೊಸದಾಗಿ ಸರ್ವೆ ಮಾಡಿ ಪ್ಲಾನ್ ಪರಿಷ್ಕರಿಸಬೇಕು. ಕಾಯ್ದೆ ಹೇಳೋದು ಹೇಳುತ್ತೆ ಬಿಡಿ, ಬೆಂಗಳೂರಿಂದೇ ನೋಡಿ, 2015ರವರೆಗಿನ ಪ್ಲಾನ್ ಬಂದಿದ್ದು 2007ರಲ್ಲಿ, ಆಮೇಲೆ 2031ರವರೆಗಿಂದು ಅಂತ 2017ರಲ್ಲಿ ಕರಡು ಬಿಟ್ರು, ಅದೂ ವಾಪಸ್ ಹೋಯ್ತು.

ಎಲ್ರೂ ಮೊದಲು ಕೇಳೋದು ಯಾವ ಏರಿಯಾ ಯೆಲ್ಲೋ ಝೋನ್ ಆಗುತ್ತೆ ಅಂತ (ಪ್ಲಾನಲ್ಲಿ ಹಳದಿ ಅಂದ್ರೆ ಮನೆ ಕಟ್ಟೋ ಜಾಗ, ಹಸಿರು ಅಂದ್ರೆ ಕೃಷಿ). ನಾವು ಬಣ್ಣಕ್ಕೆ ಕೈ ಹಾಕಿದ್ದು ಕೊನೆಗೆ. ಮೊದಲು ಮಾಡಿದ್ದು ಸ್ಯಾಟಲೈಟ್ ಇಮೇಜ್ ಮೇಲೆ ಹಳೇ ಗ್ರಾಮ ನಕಾಶೆ ಕೂರಿಸೋದು. ನಕಾಶೆ 1:7920 ಸ್ಕೇಲಲ್ಲಿ, ಅಂದ್ರೆ ಇಂಚಿಗೆ 660 ಅಡಿ, ನಮ್ಮ ಬೇಸ್ ಮ್ಯಾಪ್ 1:4000, ಅದರ ಮೇಲೆ ಪೇಪರ್ ಬೇರೆ ಹಿಗ್ಗಿ ಕುಗ್ಗಿರುತ್ತೆ, ಈ ಕಡೆ ಕೂತ್ರೆ ಆ ಕಡೆ ಎದ್ದೇಳುತ್ತೆ. ಮೂರು ಊರಿನ ಗಡಿ ಸೇರೋ ಜಾಗದ ಕಲ್ಲು ಹುಡುಕಿ, ಅಲ್ಲಿ ಜಿಪಿಎಸ್ ರೀಡಿಂಗ್ ತಗೊಂಡು, ಅದನ್ನ ಹಿಡ್ಕೊಂಡೇ ಕೂರಿಸಬೇಕು.

ಇಷ್ಟು ಒದ್ದಾಟ ಹಳ್ಳಕ್ಕೋಸ್ಕರ. ಬೇಸಿಗೆ ಇಮೇಜಲ್ಲಿ ಒಣಗಿದ ಹಳ್ಳ ಬಂಡಿ ದಾರಿ ಥರ ಕಾಣುತ್ತೆ, ಇಲ್ಲಾ ಕಾಣೋದೇ ಇಲ್ಲ. ಒಂದು ಲೇಔಟಲ್ಲಿ ನಕಾಶೆ ಪ್ರಕಾರ ಕೆರೆಯಿಂದ ಕೆರೆಗೆ ಹೋಗೋ ಕಾಲುವೆ ಇರಬೇಕು, ಇಮೇಜಲ್ಲಿ ನೋಡಿದ್ರೆ ಬರೀ ಸೈಟು. ಸ್ಪಾಟಿಗೆ ಹೋದ್ವಿ, ಟಾರ್ ರೋಡ್ ಕೆಳಗೆ ಚಪ್ಪಡಿ ಕಲ್ಲಿನ ಮೋರಿ, ಎರಡೂ ಕಡೆ ಬಾಯಿ ಮುಚ್ಚಿ ಕಾಂಪೌಂಡ್ ಎಬ್ಬಿಸಿದಾರೆ. ಪಕ್ಕದ ಮನೆ ಅಜ್ಜಿ 'ಕಾಲುವೆ ಇದ್ದಿದ್ದು ಇಲ್ಲೇ ಕಣಪ್ಪ, ಮಳೆ ಜೋರಾದ್ರೆ ನೀರು ಅಡುಗೆಮನೆಗೇ ಬರ್ತದೆ' ಅಂದ್ರು. ಹಳ್ಳ, ಕಾಲುವೆ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಅಂತ ಬಿಟ್ಟಿರೋ ಜಾಗ) ಪೂರ್ತಿ ಮಾರ್ಕ್ ಆಗೋವರೆಗೂ ಒಂದು ರೋಡೂ ಎಳೆಯಲ್ಲ ಅಂತ ಟೀಮಲ್ಲಿ ರೂಲ್ ಮಾಡ್ಕೊಂಡ್ವಿ.

ಜನಸಂಖ್ಯೆಗೆ ಕೈಲಿದ್ದಿದ್ದು 2011ರ ಸೆನ್ಸಸ್ ಒಂದೇ. ಹಾಗಾಗಿ ಮನೆ ಕರೆಂಟ್ ಕನೆಕ್ಷನ್‌ಗೆ ಕೊಡೋ ಆರ್‌ಆರ್ ನಂಬರ್ ವಾರ್ಡ್‌ವಾರು ಎಷ್ಟು ಜಾಸ್ತಿಯಾಗಿವೆ ಅಂತ ತಾಳೆ ನೋಡಿದ್ವಿ, ಊರು ಯಾವ ದಿಕ್ಕಿಗೆ ಬೆಳೀತಿದೆ ಅಂತ ತಿಳ್ಕೊಳ್ಳೋಕೆ ಅದಕ್ಕಿಂತ ಒಳ್ಳೇ ದಾಖಲೆ ನನಗಂತೂ ಸಿಕ್ಕಿಲ್ಲ. (ಖಾಲಿ ಲೇಔಟ್‌ಗಳು ಬಯಲಾಗೋದೂ ಅಲ್ಲೇ, ಸೈಟು ಸಾಲುಸಾಲು ಇರುತ್ತೆ, ಮೀಟರ್ ಇರಲ್ಲ.)

ಕರಡು ಪ್ರಕಟ ಆದ್ಮೇಲೆ ಆಕ್ಷೇಪಣೆಗೆ 60 ದಿನ. ಹೆಚ್ಚಿನ ಅರ್ಜಿ ಒಂದೇ ಥರ, ನನ್ನ ಸರ್ವೆ ನಂಬರ್ ಹಸಿರಿಂದ ಹಳದಿ ಮಾಡಿ. ಒಬ್ರು ರೈತರು ಪಹಣಿ ಟೇಬಲ್ ಮೇಲಿಟ್ಟು 'ಪಕ್ಕದ ಹೊಲಕ್ಕೆ ಹಳದಿ, ನಂದಕ್ಕೆ ಹಸಿರು, ಎರಡೂ ಒಂದೇ ಮಣ್ಣಲ್ವಾ ಸಾರ್' ಅಂದ್ರು. ಗೆರೆ ಎಲ್ಲೋ ಒಂದ್ಕಡೆ ನಿಲ್ಲಲೇಬೇಕಲ್ಲ ಅಂದ್ರೆ ಅದು ಉತ್ತರ ಅಲ್ಲ, ಅವರಿಗೆ ಎಕರೆ ರೇಟಿನ ಪ್ರಶ್ನೆ ಅದು. ಅದಕ್ಕೇ ನಾವು ಝೋನ್ ಗಡಿನ ಆದಷ್ಟೂ ಹಳ್ಳ, ರೋಡು, ರೈಲ್ವೆ ಲೈನ್ ಹಿಡ್ಕೊಂಡೇ ಹಾಕಿದ್ದು. ಅವರ ಎರಡು ಹೊಲದ ಮಧ್ಯೆನೂ ಹಳ್ಳ ಇತ್ತು, ನಕಾಶೆ ತೆಗೆದು ಸ್ಕ್ರೀನ್ ಮೇಲೆ ತೋರಿಸ್ದೆ. ಒಪ್ಪಲಿಲ್ಲ, ಹಾಗಂತ ಹಳ್ಳ ಇಲ್ಲ ಅಂತಾನೂ ಹೇಳಲಿಲ್ಲ. ಅರ್ಜಿ ಜೊತೆ ಕಾರಣ ಬರೆದು ಫೈಲ್ ಮುಂದಕ್ಕೆ ಕಳಿಸಿದ್ವಿ.