ಉರಿ ಇಳಿದ ಮೇಲೆ: ಮಕ್ಕಳ ಜೊತೆ ಕೆಂಡದ ಅಡುಗೆ

ಮಕ್ಕಳಿಗೆ ಕಾಯುವ ತಾಳ್ಮೆ ಇರುವುದಿಲ್ಲ, ಹಾಗಾಗಿ ಉರಿ ಇರುವಾಗಲೇ ಎಲ್ಲವನ್ನೂ ಬೆಂಕಿಗೆ ತುರುಕುತ್ತಾರೆ. ಹೊರಗೆ ಕರಕಲು, ಒಳಗೆ ಹಸಿ. ಅದಕ್ಕೇ ನಾನು ಅವರನ್ನು ಕರೆಯುವ ಮುಕ್ಕಾಲು ಗಂಟೆ ಮೊದಲೇ ಬೆಂಕಿ ಹಾಕುತ್ತೇನೆ. ಹತ್ತಿಸಲು ಸಿಲ್ವರ್ ಓಕ್ ರೆಂಬೆ, ಕೆಂಡಕ್ಕೆ ಕಿತ್ತ ಹಳೆ ಕಾಫಿ ಗಿಡದ ಬೊಡ್ಡೆ. ಓಕ್ ಧಗ್ಗನೆ ಉರಿದು ಬೂದಿಯಾಗುತ್ತದೆ. ಕಾಫಿ ಕಟ್ಟಿಗೆಯ ಕೆಂಡ ತುಂಬ ಹೊತ್ತು ನಿಲ್ಲುತ್ತದೆ. ಬಿದಿರನ್ನು ಸೀಳಿಯೇ ಹಾಕಿ, ಇಲ್ಲದಿದ್ದರೆ ಗಂಟುಗಳ ನಡುವಿನ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ. ಹೊಳೆಯ ಕಲ್ಲನ್ನು ಒಲೆಗಲ್ಲು ಮಾಡಬೇಡಿ, ಒಳಗೆ ನೀರಿದ್ದರೆ ಅದೂ ಒಡೆಯುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣವೂ ಬೇಡ. ತರಗೆಲೆ ಗುಡಿಸಿದ ಬರೀ ಮಣ್ಣೇ ಸರಿ.

ಮೊದಲು ಗೆಣಸು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ತಂದು ಉಳಿದದ್ದಾದರೂ ಆಯಿತು, ಒಂದೊಂದು ಸುಮಾರು 150 ಗ್ರಾಂ ಇರಲಿ. ಸಿಪ್ಪೆ ಸಮೇತ ಬಿಸಿ ಬೂದಿಯಲ್ಲಿ ಹೂತು ಮೇಲೆ ಕೆಂಡ ಎಳೆದರೆ 40 ನಿಮಿಷ. ನಡುವೆ ಒಮ್ಮೆ ತಿರುಗಿಸಬೇಕು. ಕಡ್ಡಿ ಸಲೀಸಾಗಿ ಇಳಿದರೆ ಬೆಂದಿದೆ.

ಅಷ್ಟು ಹೊತ್ತು ಮಕ್ಕಳ ಕೈಗೆ ಅಕ್ಕಿ ಒಟ್ಟಿಯ, ಅಂದರೆ ಕೊಡಗಿನ ಅಕ್ಕಿ ರೊಟ್ಟಿಯ ಹಿಟ್ಟು. ಮೆತ್ತಗೆ ಬೆಂದ ಅನ್ನ 1 ಲೋಟ, ಅಕ್ಕಿ ಹಿಟ್ಟು ಸುಮಾರು 1 ಲೋಟ, ಉಪ್ಪು. ಅನ್ನವನ್ನು ಬೆಚ್ಚಗಿರುವಾಗಲೇ ನುರಿದು ನಾದಬೇಕು. ತಣ್ಣಗಾದರೆ ಹಿಟ್ಟು ಕೂಡುವುದಿಲ್ಲ, ತಟ್ಟುವಾಗ ಅಂಚು ಬಿರಿಯುತ್ತದೆ. ಬಾಳೆಲೆಯ ಮೇಲೆ ತೆಳ್ಳಗೆ ತಟ್ಟಲಿ. ಕಾವಲಿಯಲ್ಲಿ ಎರಡೂ ಬದಿ ಬಣ್ಣ ಬಾರದಂತೆ ಬೇಯಿಸುವುದು ದೊಡ್ಡವರ ಕೆಲಸ. ಆಮೇಲೆ ಉದ್ದ ಇಕ್ಕಳ ಮಗುವಿನ ಕೈಗೆ: ಕೆಂಡದ ಮೇಲಿಟ್ಟ ಕೆಲವೇ ಕ್ಷಣದಲ್ಲಿ ಒಟ್ಟಿ ಉಬ್ಬುತ್ತದೆ. ಇಡೀ ಸಂಜೆಯಲ್ಲಿ ಮಕ್ಕಳು ಕೂಗಾಡುವುದು ಇಲ್ಲೇ. ಉಬ್ಬದಿದ್ದರೆ ಎಲ್ಲೋ ತೂತು ಬಿದ್ದು ಹಬೆ ಹೋಗಿದೆ, ಇಲ್ಲವೇ ಕಾವಲಿಯಲ್ಲೇ ಹೆಚ್ಚು ಹೊತ್ತಿದ್ದು ಒಣಗಿದೆ. ಬೆಣ್ಣೆ, ಜೇನು ಸಾಕು. ಎಳ್ಳು ಪಜ್ಜಿ, ಅಂದರೆ ಎಳ್ಳಿನ ಚಟ್ನಿ, ದೊಡ್ಡವರಿಗೆ.

ಇದೇ ಹಿಟ್ಟನ್ನು ಕೋಲಿಗೆ ಸುತ್ತಿ ಸುಡಲು ಹೋಗಬೇಡಿ, ಅಕ್ಕಿಗೆ ಜಿಗುಟಿಲ್ಲ, ಕಳಚಿ ಬೀಳುತ್ತದೆ. ಕೋಲಿನ ರೊಟ್ಟಿಗೆ ಗೋಧಿ ಹಿಟ್ಟು 1 ಲೋಟ, ಬೆಣ್ಣೆ 1 ಚಮಚ, ಬೇಕಿಂಗ್ ಪೌಡರ್ ಅರ್ಧ ಚಮಚ, ಉಪ್ಪು. ಬೆರಳಿಗಿಂತ ದಪ್ಪವಾಗದಂತೆ ಹೊಸೆದು, ಸಿಪ್ಪೆ ಹೆರೆದ ಮೀಟರುದ್ದದ ಸೀಬೆ ಕೋಲಿಗೆ ಸುತ್ತಿ, ಕೆಂಡದಿಂದ ಒಂದು ಗೇಣು ಮೇಲೆ ತಿರುಗಿಸುತ್ತಿದ್ದರೆ ಹತ್ತು ಹನ್ನೆರಡು ನಿಮಿಷ. ಬೇಲಿಯ ಕಣಗಿಲೆ ಕೋಲು ಮಾತ್ರ ಬೇಡವೇ ಬೇಡ, ವಿಷ.

ಕೆಂಡ ಸೋತ ಮೇಲೆ ನೇಂದ್ರ ಬಾಳೆ. ಚುಕ್ಕೆ ಬಿದ್ದ ಹಣ್ಣನ್ನು ಸಿಪ್ಪೆ ಸಮೇತ ಉದ್ದಕ್ಕೆ ಸೀಳಿ, ಕೆಳಸಿಪ್ಪೆ ಕತ್ತರಿಸದೆ, ಬೆಲ್ಲ, ಕಾಯಿತುರಿ, ಏಲಕ್ಕಿ ತುಂಬಿ 10 ನಿಮಿಷ ಇಡಿ. ಸಿಪ್ಪೆಯೇ ಪಾತ್ರೆ. ಕರಗಿದ ಬೆಲ್ಲ ನಾಲಿಗೆ ಸುಡುತ್ತದೆ, ಐದು ನಿಮಿಷ ಆರಲಿ.

ಬಕೆಟ್ ನೀರು ಮೊದಲಿನಿಂದಲೂ ಪಕ್ಕದಲ್ಲಿರಲಿ. ಕೈ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು, ಟೂತ್‌ಪೇಸ್ಟ್ ಅಲ್ಲ. ಮುಗಿದಾಗ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ಯಿರಿ, ಬೂದಿಯ ಬಿಸಿ ಪೂರ್ತಿ ಹೋಗುವ ತನಕ.